ಚಕ್ರದಡಿಯ ನಿಂಬೆಹಣ್ಣು

ತಿರುವಿನಲ್ಲಿ ಹಾಲಿನ ವ್ಯಾನೊಂದು ಹಿಂದಿನಿಂದ ಗುದ್ದಿ ಕಾರಿನ ಬಂಪರ್ ನೆಗ್ಗಿತು. ಯಾರಿಗೂ ಏನೂ ಆಗಲಿಲ್ಲ. ನೆಗ್ಗು ತೆಗೆಸಿದ ಮೇಲೆ ಒಡತಿ ವನಜಾಕ್ಷಿ ಕಾರಿಗೆ ದೃಷ್ಟಿ ತೆಗೆದು, ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟು, ಕೀಲಿ ತಿರುಗಿಸಿದಳು. ಕಾರು ಕೆಮ್ಮಿ ಸುಮ್ಮನಾಯಿತು. ಮುಂದಿನ ಎಂಟು ದಿನವೂ ಇದೇ ಕಥೆ.

"ನಿನಗೇನಯ್ಯಾ ರೋಗ?" ಎಂದಿತು ನಿಂಬೆಹಣ್ಣು. "ನನ್ನನ್ನು ಇಟ್ಟಿದ್ದು ನೀನು ತುಳಿದು ಹೋಗಲೆಂದು. ಇಲ್ಲೇ ಒಣಗಿ ಗೋಲಿಯಾಗಬೇಕೇ?"

"ಮೆಲ್ಲಗೆ ಮಾತಾಡು. ಕನ್ನಡಿಯಲ್ಲಿ ಆ ವ್ಯಾನಿದೆ."

"ನಿನ್ನ ಹಿಂದಿರುವುದು ಗೋಡೆ."

"ಗೋಡೆ ಕಾಣುತ್ತಿಲ್ಲ. ಮೊದಲ ದಿನ ವ್ಯಾನು ದೂರದ ತಿರುವಿನಲ್ಲಿತ್ತು. ಈಗ ಅದರ ದೀಪಗಳು ನನ್ನನ್ನೇ ದಿಟ್ಟಿಸುತ್ತಿವೆ. ಅಲುಗಿದರೆ ಗುದ್ದುತ್ತದೆ."

"ಎಂಟು ದಿನ ಅಲುಗದೆ ನಿಂತೆಯಲ್ಲ, ಅದು ಹಿಂದೆ ಸರಿಯಿತೋ, ಹತ್ತಿರ ಬಂತೋ?"

ಕಾರು ಮತ್ತೆ ಹಿಂದೆ ನೋಡಿತು. ಕನ್ನಡಿಯ ತುಂಬ ಈಗ ವ್ಯಾನಿನ ಮೂತಿಯೇ ಇತ್ತು. ಅದರ ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ.

ಒಡತಿ ಬಂದು ಕೂತಳು. "ಇವತ್ತೂ ಹೊರಡದಿದ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ, ನೋಡ್ತಿರು" ಎಂದು ಕೀಲಿ ತಿರುಗಿಸಿದಳು.

"ತುಳಿದರೆ ನಿನಗೆ ನೋವಾಗುವುದಿಲ್ಲವೇ?" ಎಂದು ಕಾರು ನಿಂಬೆಹಣ್ಣನ್ನು ಕೇಳಿತು.

"ಆಗುತ್ತದೆ. ಹೊರಡು."

ಚಕ್ರ ಉರುಳಿತು. ನಿಂಬೆಹಣ್ಣು ಪಚಕ್ಕೆಂದು ಒಡೆಯಿತು. ಗೇಟು ದಾಟುವಾಗ ಕಾರು ನಡುಗುತ್ತಲೇ ಕನ್ನಡಿ ನೋಡಿತು. ವ್ಯಾನು ಮಾಯವಾಗಿರಲಿಲ್ಲ. ಆದರೆ ಅದು ಗೋಡೆಯ ಬಳಿಯೇ ನಿಂತಿತ್ತು, ಕಾರು ಮುಂದೆ ಹೋದಷ್ಟೂ ಚಿಕ್ಕದಾಗುತ್ತಿತ್ತು.