ಹಾಲಮ್ಮನ ಪಾಸ್‌ವರ್ಡ್

ಈ ಕತೆ ನನಗೆ ಮೊದಲು ಹೇಳಿದ್ದು ರಾಣೆಬೆನ್ನೂರಿನ ಗಿರಿಜಕ್ಕ, ಮೆಣಸಿನಕಾಯಿ ತೊಟ್ಟು ಮುರಿಯುತ್ತಾ. ನಿಜವೋ ಸುಳ್ಳೋ, ಅವಳನ್ನೇ ಕೇಳಿ.

ಒಂದೂರಲ್ಲಿ ಹಾಲಮ್ಮ ಅಂತ ಇದ್ದಳು, ರೊಟ್ಟಿ ಬಡಿದು ಮಾರುವವಳು. ಅವಳಿಗೊಬ್ಬ ಮಗ, ಕೊಟ್ರೇಶ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವನ ರೋಗ. ಹೋದಲ್ಲೆಲ್ಲ ಕೆಲಸ ಕಳೆದುಕೊಂಡು ಬಂದಿದ್ದ. ಕೊನೆಗೊಂದು ಬೀಜದ ಕಂಪನಿಯವರು, "ಮಳೆಗಾಲ ಮುಗಿಯೋತನಕ ನೋಡ್ತೀವಿ, ಸರಿಹೋದರೆ ಕಾಯಂ" ಅಂದರು.

"ತಮ್ಮಾ, ಇದೊಂದಾದರೂ ಉಳಿಸ್ಕೋ. ನಿನಗ ಕೊಟ್ಟದ್ದನ್ನ ಅಲ್ಲಿ ಇಲ್ಲಿ ಬಿಟ್ಟು ಬರಬ್ಯಾಡ" ಅಂದಳು ಹಾಲಮ್ಮ.

"ಆತವ್ವ."

ಆಫೀಸಿನಲ್ಲಿ ಅವನಿಗೊಂದು ಕಂಪ್ಯೂಟರ್ ಕೊಟ್ಟರು. ಸಂಜೆ ಅದನ್ನು ಟವೆಲಿನಲ್ಲಿ ಕಟ್ಟಿ, ತಲೆ ಮೇಲೆ ಹೊತ್ತು ಮನೆಗೆ ತಂದ.

ಮರುದಿನ ಮ್ಯಾನೇಜರ್ ಬಣಕಾರ ಮೇಡಂ ಬೈದರು. "ಮಾರಾಯಾ, ಇದು ಬರೀ ಪರದೆ. ನಿನ್ನ ಕೆಲಸ, ಫೈಲು ಎಲ್ಲಾ ಕ್ಲೌಡ್‌ನ್ಯಾಗ ಇರ್ತಾವ, ಯಾವುದೋ ಊರಿನ ದೊಡ್ಡ ಯಂತ್ರದೊಳಗ. ಏನೂ ಹೊರಬ್ಯಾಡ. ಎಲ್ಲಿ ಕುಂತರೂ ಹೆಸರು, ಪಾಸ್‌ವರ್ಡ್ ಒತ್ತು, ಎಲ್ಲಾ ಅಲ್ಲಿಗೇ ಬರ್ತಾವ."

"ಆತ್ರಿ ಮೇಡಂ."

ಮುಂದಿನ ವಾರ, "ಹಾನಗಲ್ಲಿನ ಅಂಗಡಿಗೆ ಬೆಂಡೆ ಬೀಜ ಮುಟ್ಟಿಸಿ ಬಾ" ಅಂದರು. ಕೊಟ್ರೇಶ ಬೀಜದ ಚೀಲ ಆಫೀಸಿನಲ್ಲೇ ಬಿಟ್ಟ, ಕೈ ಬೀಸಿಕೊಂಡು ಬಸ್ಸು ಹತ್ತಿದ. ಅಂಗಡಿಯ ಕಂಪ್ಯೂಟರಿನಲ್ಲಿ ಹೆಸರು ಒತ್ತಿದ, ಪಾಸ್‌ವರ್ಡ್ ಒತ್ತಿದ, ಚೀಲ ಬರಲಿ ಅಂತ ಕುಂತ. ಕುಂತೇ ಕುಂತ. ಪಾಪ, ಅಂಗಡಿಯವರು ಚಹಾ ಕುಡಿಸಿ ಕಳಿಸಿದರು.

"ತಂತಿಯೊಳಗ ಬೀಜ ಬರ್ತಾವೇನೋ? ಪರದೆ ಬಿಡು, ಬೀಜ ಹೊರು! ಇನ್ನೊಂದು ತಪ್ಪು ಮಾಡಿದಿ, ಸೀದಾ ಮನಿಗೆ" ಅಂತ ಮೇಡಂ ಮತ್ತೆ ಬೈದರು.

ಹಾಲಮ್ಮ ಅವತ್ತು ಅತ್ತಳು. ರೊಟ್ಟಿ ಕರಕಲಾದವು.

ಒಂದು ಮಧ್ಯಾಹ್ನ ಆಫೀಸಿನ ಕರೆಂಟ್ ಬೋರ್ಡಿನಿಂದ ಹೊಗೆ ಎದ್ದಿತು. ಎಲ್ಲರೂ ತಂತಮ್ಮ ಪರದೆ ಅಪ್ಪಿಕೊಂಡು ಓಡಿದರು. ಕೊಟ್ರೇಶ ಒಬ್ಬನೇ ಪರದೆ ಬಿಟ್ಟ, ಬೀಜ ಹೊತ್ತ. ಹೊತ್ತ, ಹೊರಗಿಟ್ಟ, ಮತ್ತೆ ಹೊತ್ತ. ಫೈಲುಗಳು ಕ್ಲೌಡ್‌ನಲ್ಲಿ ತಣ್ಣಗಿದ್ದವು. ಸುಡಬಹುದಾಗಿದ್ದದ್ದು ಬೀಜ ಮಾತ್ರ; ಅದು ಬೇವಿನ ಮರದ ನೆರಳಲ್ಲಿತ್ತು.

ಮೇಡಂ ಆ ಚೀಲಗಳನ್ನು ಒಂದೊಂದಾಗಿ ಎಣಿಸಿದರು. "ನೀನು ಕಾಯಂ ಕಣಪ್ಪಾ. ಆಫೀಸು ರಿಪೇರಿ ಆಗೋತನಕ ಈ ಲ್ಯಾಪ್‌ಟಾಪ್ ಒಯ್ದು ಮನಿಯಿಂದಲೇ ಕೆಲಸ ಮಾಡು. ಆದರ ಹೆಸರು, ಪಾಸ್‌ವರ್ಡ್ ಹೇಳದವರನ್ನ ಒಳಗ ಬಿಡಬಾರದು. ಮೂರು ಸಲ ತಪ್ಪಿದರ ಅರ್ಧ ತಾಸು ಬಂದ್. ಇದು ಕಂಪನಿ ನಿಯಮ."

"ಆತ್ರಿ ಮೇಡಂ."

ಮಗ ಕಾಯಂ ಆದನೆಂದು ಹಾಲಮ್ಮ ಹೋಳಿಗೆಗೆ ಬೆಲ್ಲ ತರಲು ಹೋದಳು. ವಾಪಸ್ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ.

"ಯಾರದು?"

"ನಿಮ್ಮವ್ವ ಕಣೋ."

"ಹೆಸರು?"

"ಹಾಲಮ್ಮ."

"ಪಾಸ್‌ವರ್ಡ್?"

"ಚಪ್ಪಲಿ."

"ತಪ್ಪು."

"ಕಸಬರಿಗೆ."

"ತಪ್ಪು."

"ನಿನ್ನ ತಲಿ."

"ಮೂರು ಸಲ ಆತು. ಅರ್ಧ ತಾಸು ಬಿಟ್ಟು ಬಾರವ್ವ."

ಹಾಲಮ್ಮ ಬೆಲ್ಲದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕಟ್ಟೆ ಮೇಲೆ ಕುಂತಳು. ದಾರಿಯಲ್ಲಿ ಹೋಗುತ್ತಿದ್ದವಳೊಬ್ಬಳು ಕೇಳಿದಳು, "ಯಾಕ ಹಾಲಮ್ಮ, ಹೊರಗ ಕುಂತಿ?"

"ಮೆಲ್ಲಕ ಮಾತಾಡವ್ವ," ಅಂದಳು ಹಾಲಮ್ಮ. "ನನ್ನ ಮಗ ಒಳಗ ಡ್ಯೂಟಿ ಮೇಲೆ ಅದಾನ."

ಗಿರಿಜಕ್ಕ ನನಗೆ ಹೇಳಿದಳು, ನಾನು ನಿಮಗೆ ಹೇಳಿದೆ. ನೀವು ಇನ್ನೊಬ್ಬರಿಗೆ ಹೇಳಿ. ಅವರ ಹೆಸರು, ಪಾಸ್‌ವರ್ಡ್ ಕೇಳಬೇಡಿ, ಸುಮ್ಮನೆ ಹೇಳಿಬಿಡಿ.