ಸಿದ್ದವ್ವನ ಹಾಡು ಮತ್ತು ಸುಮ್ಮನಾದ ಡಿವಿಡಿ ಪ್ಲೇಯರ್

ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಒಂದು ಕೂಡು ಕುಟುಂಬವಿತ್ತು. ಹಿರಿಯ ಸೊಸೆ ಗಂಗವ್ವ, ಕಿರಿಯ ಸೊಸೆ ಕಸ್ತೂರಿ. ಅತ್ತೆ ಸಿದ್ದವ್ವ ಹೋದ ವರ್ಷ ತೀರಿಕೊಂಡಿದ್ದಳು. ಆ ಮನೆಯ ಅರಿಶಿಣದ ಹಾಡು ಪೂರ್ತಿ ಬರುತ್ತಿದ್ದುದು ಅವಳೊಬ್ಬಳಿಗೇ. ಪುಣ್ಯಕ್ಕೆ, ಕಸ್ತೂರಿಯ ಮದುವೆಯ ಡಿವಿಡಿಯಲ್ಲಿ ಅವಳು ಹಾಡಿದ್ದು ಉಳಿದಿತ್ತು.

ಈಗ ಗಂಗವ್ವನ ಮಗಳು ಪ್ರೇಮಾಳ ಮದುವೆ ಹತ್ತಿರ ಬಂದಿತ್ತು. "ನನ್ನ ಅರಿಶಿಣಕ್ಕ ಸಿದ್ದವ್ವ ಆಯಿ ಹಾಡಿದ ಹಾಡೇ ಆಗಬೇಕು" ಎಂದು ಅವಳು ಹಟ ಹಿಡಿದಿದ್ದಳು. ಡಿವಿಡಿ ನೋಡಿ ಕಲಿಯೋಣ ಎಂದು ಗಂಗವ್ವ ಅದನ್ನು ಪ್ಲೇಯರಿಗೆ ಹಾಕಿದಳು. ಪ್ಲೇಯರ್ ಗಿರಗಿರ ಎಂದು ಸ್ವಲ್ಪ ಹೊತ್ತು ತಿರುಗಿ, ಟಿ.ವಿ. ಮೇಲೆ 'ನೋ ಡಿಸ್ಕ್' ಎಂದು ತೋರಿಸಿತು. ಹೊಟ್ಟೆಯೊಳಗೆ ಡಿಸ್ಕ್ ಇಟ್ಟುಕೊಂಡೇ ಇಲ್ಲ ಎನ್ನುವ ಅದರ ಧೈರ್ಯ ನೋಡಿ!

ಗಂಗವ್ವನ ಗಂಡ ಈರಪ್ಪ ಬಂದು ಅದರ ತಲೆಗೆ ಎರಡೇಟು ಕೊಟ್ಟ. ವೈರು ಅಲ್ಲಾಡಿಸಿದ. ಬಾಯಿಂದ ಊದಿದ. ಏನೂ ಆಗಲಿಲ್ಲ. ಗಂಗವ್ವನ ಸಿಟ್ಟು ಕಸ್ತೂರಿಯ ಮೇಲೆ ತಿರುಗಿತು.

"ನಿನ್ನ ಹುಡುಗೂರು ದಿನಾ ಕಾರ್ಟೂನ್ ಹಚ್ಚಿ ಹಚ್ಚಿ ಕೆಡಿಸ್ಯಾವ. ಅತ್ತಿ ಹಾಡು ಹೋತಲ್ಲ ಈಗ."

"ನನ್ನ ಮಕ್ಕಳಂದ್ರ ನಿಮಗ ಮೊದಲಿಂದ ಅಷ್ಟಕ್ಕಷ್ಟ" ಎಂದಳು ಕಸ್ತೂರಿ. "ಮದುವಿ ಮಾಡ್ಕೋರಿ. ನಾ ತವರಿಗೆ ಹೋಗ್ತೀನಿ."

ಅವಳು ನಿಜವಾಗಿಯೂ ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಪ್ರೇಮಾ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಈರಪ್ಪನಿಗೆ ತಾನು ಪ್ಲೇಯರಿಗೆ ಹೊಡೆದದ್ದು ನೆನೆದು ನಾಚಿಕೆಯಾಯಿತು.

"ಮಗ್ಗದ ಮ್ಯಾಲೆ ಎಳಿ ಹರದ್ರ ಮಗ್ಗಕ್ಕ ಹೊಡಿತೀವೇನು? ಎಲ್ಲಿ ಹರದೈತಿ ಅಂತ ಎಳಿ ಹಿಡಕೊಂಡ ಹೋಗ್ತೀವಿ. ಇದನ್ನೂ ಹಂಗ ನೋಡೂಣು" ಎಂದ.

ಪ್ಲೇಯರಿನ ದೀಪ ಹತ್ತಿದೆ, ಹಾಗಾದರೆ ಕರೆಂಟು ಬರುತ್ತಿದೆ. ಟಿ.ವಿ.ಯಲ್ಲಿ ಅಕ್ಷರ ಕಾಣುತ್ತಿದೆ, ಹಾಗಾದರೆ ವೈರು ಸರಿ ಇದೆ. ಮಕ್ಕಳ ಕಾರ್ಟೂನ್ ಡಿಸ್ಕ್ ತರಿಸಿ ಹಾಕಿದ. ಕರಡಿಯೊಂದು ಕುಣಿಯತೊಡಗಿತು.

"ಪ್ಲೇಯರ್ ಛಲೋ ಐತಿ. ಹುಡುಗೂರೂ ಛಲೋ ಅದಾವ" ಎಂದ ಈರಪ್ಪ. ಚೀಲ ತುಂಬುತ್ತಿದ್ದ ಕಸ್ತೂರಿಯ ಕೈ ನಿಂತಿತು.

ಈಗ ಉಳಿದದ್ದು ಮದುವೆಯ ಡಿಸ್ಕ್. ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊಳೆಯುವ ಮಗ್ಗುಲಿನ ಮೇಲೆ ಅರಿಶಿಣ ಒಣಗಿ ಅಂಟಿತ್ತು, ಅದರ ಮೇಲೆ ಕುಂಕುಮ. ಪ್ಲೇಯರ್ ಓದುವುದೇ ಆ ಮಗ್ಗುಲನ್ನು.

ಗಂಗವ್ವ ಡಿಸ್ಕನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಮಾನೌಮಿ ಆಯುಧ ಪೂಜಿ ದಿನ ಮಗ್ಗಕ್ಕ, ಮಿಕ್ಸರಿಗೆ, ಟಿ.ವಿ.ಗೆ ಎಲ್ಲಾದಕ್ಕೂ ಅರಿಶಿಣ-ಕುಂಕುಮ ಹಚ್ಚಿದೆ. ಇದರಾಗ ಅತ್ತಿ ದನಿ ಐತಿ, ಇದಕ್ಕ್ಯಾಕ ಬ್ಯಾಡ ಅನಿಸ್ತು. ಹೊಳಿಯೂ ಮಗ್ಗಲೇ ಅದರ ಮುಖ ಅಂದ್ಕೊಂಡೆ."

ಯಾರೂ ನಗಲಿಲ್ಲ. ಅವಳು ಕಸ್ತೂರಿಯ ಕಡೆ ತಿರುಗಿ, "ತಪ್ಪು ನಂದು. ಹುಡುಗೂರ್ನ ಬೈಬಾರದಿತ್ತು" ಎಂದಳು.

ಕಸ್ತೂರಿ ಚೀಲದಿಂದ ಒಂದು ಮೆತ್ತನೆಯ ಹಳೇ ಬಟ್ಟೆ ತೆಗೆದು ಒದ್ದೆ ಮಾಡಿದಳು. ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸುತ್ತ, "ಸುತ್ತ ತಿಕ್ಕಬಾರದು ಅಕ್ಕಾ, ಗೆರಿ ಬೀಳತಾವ" ಎಂದಳು.

ಡಿಸ್ಕ್ ಓಡಿತು. ಸಿದ್ದವ್ವನ ದನಿ ಮನೆ ತುಂಬಿತು. ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಕುಂಕುಮದ ಕಲೆ ಪೂರಾ ಹೋಗಿರಲಿಲ್ಲ. ಒಂದು ಕಡೆ ದನಿ ತಡವರಿಸಿ ಮುಂದಕ್ಕೆ ಹಾರಿತು. ಹಾಡಿನ ಒಂದು ನುಡಿಯೇ, ಪೂರಾ ಒಂದು ಚರಣವೇ, ತಪ್ಪಿಹೋಯಿತು. ಪ್ರೇಮಾಳ ಮುಖ ಮತ್ತೆ ಬಾಡಿತು.

ಆಗ ಕಸ್ತೂರಿ ಆ ನುಡಿಯನ್ನು ಮೆಲ್ಲಗೆ ಗುನುಗಿದಳು.

"ಅದನ್ನ ಹಾಡಕೋತನ ಅತ್ತಿ ನನ್ನ ಕೆನ್ನಿಗೆ ಅರಿಶಿಣ ಹಚ್ಚಿದ್ರು. ಹೆಂಗ ಮರೀಲಿ ಅಕ್ಕಾ?"

ಪ್ರೇಮಾಳ ಅರಿಶಿಣದ ದಿನ ಗಂಗವ್ವ ಹಾಡಿದಳು. ಆ ನುಡಿ ಬಂದಾಗ ನಿಲ್ಲಿಸಿ, ಕಸ್ತೂರಿಯ ಕೈ ಹಿಡಿದಳು. ಕಸ್ತೂರಿ ಎತ್ತಿಕೊಂಡು ಹಾಡಿದಳು. ಹಾಡು ಪೂರ್ತಿಯಾಯಿತು.

ನೀತಿ: ಏನಾದರೂ ಕೆಟ್ಟಾಗ ಮೊದಲು ದೋಷ ಎಲ್ಲಿದೆ ಎಂದು ಒಂದೊಂದಾಗಿ ನೋಡಬೇಕು; ನಮ್ಮ ಕೈಯಿಂದಲೇ ಆಗಿದೆಯೇ ಎಂದೂ ನೋಡಬೇಕು. ಆತುರಪಟ್ಟು ಯಾರನ್ನು ಬೈದು ದೂರ ಮಾಡುತ್ತೇವೋ, ನಮ್ಮ ಹಾಡಿನಲ್ಲಿ ತಪ್ಪಿದ ನುಡಿ ಅವರ ಬಳಿಯೇ ಇರಬಹುದು.