ಬಾಗಿಲಲ್ಲಿ ಕೇಳುವ ಮಾತು

ಹೊಳೆದಂಡೆಯ ಆ ಮಠದಲ್ಲಿ ಬಂದವರನ್ನು ಕೇಳುತ್ತಿದ್ದುದು ಒಂದೇ ಮಾತು: "ಊಟ ಆತೇನು?"

ಹೆಸರು, ಊರು, ಬಂದ ಕಾರಣ ಯಾವುದನ್ನೂ ಕೇಳುವ ರೂಢಿ ಇರಲಿಲ್ಲ. ಉಂಡ ಮೇಲೆ ಮನಸ್ಸಾದವರು ಮಠದ ಸ್ವಾಮಿಗಳಾದ ಅಜ್ಜಾರ ಮುಂದೆ ತಾವೇ ದುಃಖ ಹೇಳಿಕೊಂಡು ಹಗುರಾಗಿ ಹೋಗುತ್ತಿದ್ದರು.

ಅಜ್ಜಾರು ಒಂದು ತಿಂಗಳು ಸಂಚಾರಕ್ಕೆ ಹೋದರು. ಶಿಷ್ಯ ಚನ್ನವೀರನಿಗೆ ಆಗ ಮಠಕ್ಕೊಂದು ಶಿಸ್ತು ತರುವ ಹುಮ್ಮಸ್ಸು ಬಂತು. ಭಕ್ತರ ಪಟ್ಟಿ ಇದ್ದರೆ ಹಬ್ಬಕ್ಕೆ ಶುಭಾಶಯವನ್ನಾದರೂ ಕಳಿಸಬಹುದಲ್ಲ ಎಂದು ಫೋನಿಗೆ ಒಂದು ಆ್ಯಪ್ ಹಾಕಿಕೊಂಡ. ಅದು ಪುಕ್ಕಟೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವವರೇ ನಾವೆಲ್ಲ. ಉದ್ದನೆಯ ಷರತ್ತು ಓದದೆ ‘ಒಪ್ಪಿಗೆ’ ಒತ್ತಿದ.

ಹೆಸರು, ಫೋನ್ ನಂಬರು, ಮನೆ, ಬಂದ ಕಾರಣ ಎಲ್ಲ ಕೇಳಿ ಅದರಲ್ಲಿ ಬರೆದುಕೊಳ್ಳತೊಡಗಿದ. ಜನ ಬೇಸರಪಡಲಿಲ್ಲ.

"ಬರಕೋರಿ, ಮುಚ್ಚಿಡಾಕ ನಮ್ಮ ಹತ್ರ ಏನೈತಿ?" ಎಂದರು.

ಪಾರವ್ವ ಒಬ್ಬಳು ಮಾತ್ರ ಅನುಮಾನಿಸಿದಳು. ಅವಳ ಎದೆಯಲ್ಲಿ ಗಡ್ಡೆ ಎದ್ದಿತ್ತು. ಬಸುರಿ ಮಗಳಿಗೆ ಅದು ಗೊತ್ತಿರಲಿಲ್ಲ.

"ಹೆರಿಗಿ ಆಗಲಿ, ಕೂಸಿನ ಮಾರಿ ನೋಡಲಿ. ಆಮ್ಯಾಲೆ ನಾನೇ ಹೇಳತೀನ್ರೀ."

"ಮಠದ ಫೋನಿನಾಗ ಇರತೈತವಾ, ಎಲ್ಲಿ ಹೋಗತೈತಿ?" ಎಂದ ಚನ್ನವೀರ.

ಪಾರವ್ವ ನಂಬಿದಳು.

ಅಜ್ಜಾರು ಮರಳಿದ ಮರುದಿನ ಅವಳು ಮತ್ತೆ ಬಂದಳು. ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತಳು.

"ಊಟ ಆತೇನವಾ?" ಎಂದರು ಅಜ್ಜಾರು.

"ನಿನ್ನೆ ಯಾವುದೋ ದವಾಖಾನಿಯಿಂದ ಫೋನ್ ಬಂತ್ರಿ. ಮಗಳು ಎತ್ತಿದಳು. ನಿಮ್ಮವ್ವನ ಎದಿ ಗಡ್ಡಿಗೆ ನಮ್ಮಲ್ಲಿ ರಿಯಾಯಿತಿ ಐತಿ ಅಂದರಂತ." ಅವಳು ಚನ್ನವೀರನನ್ನು ನೋಡಿದಳು. "ನಾನು ಇನ್ನೂ ಡಾಕ್ಟರಿಗೂ ತೋರಿಸಿಲ್ರಿ. ಇಲ್ಲಿ ಬಿಟ್ಟರ ಎಲ್ಲೂ ಬಾಯಿ ಬಿಟ್ಟಿಲ್ಲ."

ಅವಳು ಅಜ್ಜಾರ ಕಡೆ ತಿರುಗಿದಳು.

"ಆಕಿ ತಲಿ ತೊಡಿ ಮ್ಯಾಲ ಇಟಗೊಂಡು ನಾನು ಹೇಳಬೇಕಾಗಿತ್ತು. ಯಾರೋ ಹೇಳಿದರು."

ಪಾರವ್ವ ಉಣ್ಣದೆ ಹೋದಳು. ಆ ಮಠದಿಂದ ಹಸಿದು ಹೋದವರನ್ನು ಚನ್ನವೀರ ನೋಡಿದ್ದು ಅದೇ ಮೊದಲು.

ಸಂಜೆ ಅಜ್ಜಾರ ಮುಂದೆ ಫೋನ್ ಇಟ್ಟ. "ಎಲ್ಲಾ ಅಳಿಸಿದೆ, ಅಜ್ಜಾರ."

"ಆಕಿ ಮಗಳ ಕಿವ್ಯಾಗಿಂದೂ ಅಳಿಸಿದಿ ಏನು?"

ಚನ್ನವೀರ ಅತ್ತ. ಬಹಳ ಹೊತ್ತು ಅತ್ತ.

"ನಾಳೆ ಹೋಗಿ ಅವರ ಕಾಲು ಹಿಡೀತೀನ್ರಿ. ಮನಿ ಎಲ್ಲೈತಿ ಅಂತ ಗೊತ್ತೈತಿ."

"ಹೆಂಗ ಗೊತ್ತು?"

ಶಿಷ್ಯ ತಲೆ ತಗ್ಗಿಸಿದ. "ಪಟ್ಟಿಯಾಗ ಬರಕೊಂಡಿದ್ದೆ."

"ಹಂಗಾರ ಹೋಗಬ್ಯಾಡ."

"ಮತ್ತ ನಾ ಏನು ಮಾಡಲಿ, ಅಜ್ಜಾರ?"

ಅಜ್ಜಾರು ಎದ್ದು ತಮ್ಮ ಚಾಪೆಯನ್ನು ತಂದು ಹೊಸ್ತಿಲ ಪಕ್ಕ ಹಾಸಿದರು.

"ಇಲ್ಲಿ ಕೂತಿರು, ತಮ್ಮಾ. ಆಕಿ ಮತ್ತ ಯಾವತ್ತಾರ ಬಂದರ, ಊಟ ಆತೇನವಾ ಅಂತ ಕೇಳು."